ಗೋವಿನಜೋಳ ಪ್ಲಾಂಟರ್: ಒಂದು ಕಡೆ ಜೋಡಿ ಕಾಳು, ಇನ್ನೊಂದು ಕಡೆ ಖಾಲಿ ಸಾಲು

ಎರೆಹೊಲ:
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವನು. ನಾಲ್ಕು ಸಾಲಿನ ಟ್ರ್ಯಾಕ್ಟರ್ ಪ್ಲಾಂಟರ್ (ಬಿತ್ತುವ ಮಷಿನ್) ಇದೆ, ಸೆಕೆಂಡ್ ಹ್ಯಾಂಡ್. ಓರೆ ಪ್ಲೇಟಿನದು, ಅಂದರೆ ಓರೆಯಾಗಿ ತಿರುಗುವ ಪ್ಲೇಟಿನ ಗುಳಿಗಳು ಒಂದೊಂದೇ ಕಾಳು ಎತ್ತಿ ಕೊಳವೆಗೆ ಬಿಡುತ್ತವೆ. ಗೋವಿನಜೋಳಕ್ಕೆ ಸಾಲಿಂದ ಸಾಲಿಗೆ 60 ಸೆಂ.ಮೀ., ಕಾಳಿಂದ ಕಾಳಿಗೆ 20 ಸೆಂ.ಮೀ. ಬರಲಿ ಅಂತ ಸೆಟ್ ಮಾಡಿದ್ದೇನೆ. ಮೃಗಶಿರ ಮಳೆಗೆ ಮೊದಲ ಹೊಲ ಬಿತ್ತಿದ್ದಾಯಿತು. ಈಗ ಮೊಳಕೆ ಎದ್ದಿದೆ, ನೋಡಿದರೆ ಒಂದು ಕಡೆ ಎರಡು ಮೂರು ಗಿಡ ಒಟ್ಟೊಟ್ಟಿಗೆ, ಇನ್ನೊಂದು ಕಡೆ ಮೊಳದುದ್ದ ಖಾಲಿ. ಎರಡನೇ ಸಾಲಂತೂ ನೋಡುವ ಹಾಗೇ ಇಲ್ಲ. ಇನ್ನೊಂದು ಹೊಲ ಬಿತ್ತುವುದು ಬಾಕಿ ಇದೆ, ಹದ ಹೋಗುವುದರೊಳಗೆ ಮುಗಿಸಬೇಕು. ಮಷಿನ್ ಕೊಟ್ಟವರು ಬೀಜ ಸರಿಯಿಲ್ಲ ಅಂತಾರೆ, ಬೀಜ ಕೊಟ್ಟವರು ಮಷಿನ್ ಸರಿಯಿಲ್ಲ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಹಳೇಕೂರಿಗೆ:
ಅದಕ್ಕೇ ನೋಡಿ ನಾವು ಕೂರಿಗೆ ಬಿಟ್ಟಿಲ್ಲ. ಬಟ್ಟಲಿಗೆ ಕಾಳು ಬಿಡುವವರ ಕೈ ಪಳಗಿದ್ದರೆ ಯಾವ ಪ್ಲೇಟೂ ಬೇಡ, ಯಾವ ಚೈನೂ ಬೇಡ.

ಬಯಲುಸೀಮೆ:
ಅಣ್ಣಾ, ಕೈ ಪಳಗಿದವರು ಈಗ ಎಲ್ಲಿ ಸಿಗುತ್ತಾರೆ ಹೇಳಿ. ಸಿಕ್ಕರೂ ಮಳೆ ಬಿದ್ದ ದಿನ ಊರಿಗೆಲ್ಲ ಅವರೇ ಬೇಕು.
ಎರೆಹೊಲ ಅವರೇ, ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಬದಲಾಯಿಸಿ ನೋಡಿ. ನಮ್ಮಲ್ಲೂ ಹೀಗೇ ಆಗಿತ್ತು. ಹಿಂದಿನದು ಒಂದು ಸೈಜ್ ಚಿಕ್ಕದು ಹಾಕಿದರೆ ಕಾಳು ಜಾಸ್ತಿ ಬೀಳುತ್ತದೆ, ಖಾಲಿ ಕಮ್ಮಿ ಆಗುತ್ತದೆ.

ಸ್ಪ್ಯಾನರ್:
ದಯವಿಟ್ಟು ಈಗಲೇ ಸ್ಪ್ರಾಕೆಟ್ ಮುಟ್ಟಬೇಡಿ. ಒಂದು ಸಾಲು ಕೆಟ್ಟಿದೆ ಅಂತ ನಾಲ್ಕೂ ಸಾಲಿಗೆ ಬೀಜ ಜಾಸ್ತಿ ಸುರಿದರೆ ಜೋಡಿ ಗಿಡ ಜಾಸ್ತಿ ಆಗುತ್ತದೆ, ಖಾಲಿ ಹಾಗೇ ಉಳಿಯುತ್ತದೆ. ಬೀಜದ ದುಡ್ಡೂ ಹೋಯಿತು. ಸ್ಪ್ರಾಕೆಟ್ ಇರುವುದು ಸರಾಸರಿ ಅಂತರಕ್ಕೆ. ಏರುಪೇರಿಗೆ ಅದು ಮದ್ದಲ್ಲ.

ಮೊಳಕೆ ನೋಡಿ ಪ್ಲಾಂಟರ್ ಬಗ್ಗೆ ತೀರ್ಮಾನ ಮಾಡುವುದೂ ಬೇಡ. ಖಾಲಿ ಇರುವ ಜಾಗವನ್ನು ಕುರ್ಚಿಗೆಯಲ್ಲಿ ಮೆಲ್ಲಗೆ ಕೆದಕಿ. ಕಾಳು ಸಿಕ್ಕಿತಾ? ಹಾಗಾದರೆ ಪ್ಲಾಂಟರ್ ತನ್ನ ಕೆಲಸ ಮಾಡಿದೆ, ಕಾಳು ಯಾಕೆ ಹುಟ್ಟಲಿಲ್ಲ ಅನ್ನುವುದು ಬೇರೆ ವಿಷಯ. ಆಳಕ್ಕೆ ಹೋಗಿರಬಹುದು, ಹದ ಸಿಕ್ಕಿರಲಿಕ್ಕಿಲ್ಲ, ಡಿಎಪಿ ಗೊಬ್ಬರ ತಾಗಿ ಸುಟ್ಟಿರಬಹುದು, ಮೊಳಕೆಯನ್ನು ಹುಳ ತಿಂದಿರಬಹುದು. ಕಾಳೇ ಇಲ್ಲ ಅಂದರೆ ಆಗ ಮಷಿನ್ ಕಡೆ ಬನ್ನಿ.

ಆಮೇಲೆ ಟೇಪ್ ಹಿಡಿದು ಪ್ರತಿ ಸಾಲಲ್ಲೂ 10 ಮೀಟರ್ ಅಳೆಯಿರಿ. 20 ಸೆಂ.ಮೀ. ಲೆಕ್ಕದಲ್ಲಿ 50 ಕಾಳು ಇರಬೇಕು. ಎರಡು ಕಾಳಿನ ನಡುವೆ 10 ಸೆಂ.ಮೀ. ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಅದನ್ನು ಜೋಡಿ ಅಂತ ಬರೆಯಿರಿ, 30 ಸೆಂ.ಮೀ.ಗಿಂತ ಜಾಸ್ತಿ ಇದ್ದರೆ ತಪ್ಪಿದ್ದು ಅಂತ. ಇದು ನನ್ನ ಸ್ವಂತ ಲೆಕ್ಕ ಅಲ್ಲ, ಪ್ಲಾಂಟರ್ ಪರೀಕ್ಷೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7256ರ ಲೆಕ್ಕ: ಬೇಕಾದ ಅಂತರದ ಅರ್ಧದೊಳಗೆ ಬಿದ್ದರೆ ಜೋಡಿ, ಒಂದೂವರೆ ಪಟ್ಟು ದಾಟಿದರೆ ತಪ್ಪಿದ್ದು. ಖಾಲಿ ಜಾಗಗಳು ಎಷ್ಟೆಷ್ಟು ದೂರಕ್ಕೆ ಬರುತ್ತವೆ ಅಂತಲೂ ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಮಸಾರಿ:
ನಮ್ಮ ಚಿತ್ರದುರ್ಗದ ಕಡೆ ಕೆಂಪು ನೆಲದಲ್ಲಿ ಬಿತ್ತಿದ ಮಾರನೇ ದಿನ ಜೋರು ಮಳೆ ಬಂದು ಮೇಲೆ ಪದರ ಗಟ್ಟಿಯಾದರೂ ಹೀಗೇ ಕಾಣುತ್ತದೆ. ಕೆದಕಿದರೆ ಮೊಳಕೆ ಒಳಗೇ ಸುರುಳಿ ಸುತ್ತಿಕೊಂಡಿರುತ್ತದೆ. ಪಾಪ ಮಷಿನ್ನು ಬೈಸಿಕೊಳ್ಳುತ್ತದೆ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಇದು ಕಮ್ಮಿ ಅನ್ನಿ.

ಎರೆಹೊಲ:
ಅಳೆದು ಬಂದೆ. ಖಾಲಿ ಜಾಗದಲ್ಲಿ ಕೆದಕಿದರೆ ಹೆಚ್ಚಿನ ಕಡೆ ಕಾಳೇ ಇಲ್ಲ. 10 ಮೀಟರ್‌ಗೆ ಒಂದು, ಮೂರು, ನಾಲ್ಕನೇ ಸಾಲಲ್ಲಿ 45ರ ಆಸುಪಾಸು ಇದೆ. ಎರಡನೇ ಸಾಲಲ್ಲಿ 38. ಆ ಸಾಲಲ್ಲಿ ಖಾಲಿ ಜಾಗ ಸುಮಾರು ಮೂರು ಮೀಟರ್ ಚಿಲ್ಲರೆಗೆ ಒಂದು ಸಲ ಬರುತ್ತದೆ, ನಡುವೆ ಅಲ್ಲಲ್ಲಿ ಬೇರೆ ಖಾಲಿಯೂ ಇದೆ, ಜೋಡಿಯೂ ಇದೆ. ಉಳಿದ ಸಾಲುಗಳಲ್ಲಿ ಖಾಲಿ ಕಮ್ಮಿ, ಆದರೆ ಅಂತರ ಒಂದೇ ಸಮ ಇಲ್ಲ. 14 ಇದೆ, 28 ಇದೆ, ಹಾಗೆ.

ಸ್ಪ್ಯಾನರ್:
ಸರಿ, ಅರ್ಧ ಕೆಲಸ ಮುಗಿಯಿತು. ನಿಮ್ಮಲ್ಲಿ ಇರುವುದು ಒಂದು ತೊಂದರೆ ಅಲ್ಲ, ಮೂರು. ಮೂರೂ ಒಂದರ ಮೇಲೊಂದು ಕೂತಿವೆ, ಅದಕ್ಕೇ ತಲೆ ಕೆಡುತ್ತಿದೆ. ಪ್ಲೇಟಿನಲ್ಲಿ ಎಷ್ಟು ಗುಳಿ ಇವೆ? ನೆಲದ ಚಕ್ರದ (ನೆಲದ ಮೇಲೆ ಉರುಳುತ್ತಾ ಪ್ಲೇಟುಗಳನ್ನು ತಿರುಗಿಸುವ ಚಕ್ರದ) ಸುತ್ತಳತೆ ಎಷ್ಟು? ಚಕ್ರ ಒಂದು ಸುತ್ತು ಬಂದರೆ ಪ್ಲೇಟ್ ಎಷ್ಟು ತಿರುಗುತ್ತದೆ?

ಎರೆಹೊಲ:
ಪ್ಲೇಟಿಗೆ 15 ಗುಳಿ. ಚಕ್ರಕ್ಕೆ ದಾರ ಸುತ್ತಿ ಅಳೆದರೆ 150 ಸೆಂ.ಮೀ. ಚಕ್ರ ಎರಡು ಸುತ್ತು ಬಂದರೆ ಪ್ಲೇಟ್ ಒಂದು ಸುತ್ತು.

ಸ್ಪ್ಯಾನರ್:
ಚೆನ್ನಾಗಿದೆ, ಲೆಕ್ಕ ಸುಲಭ. ಚಕ್ರದ ಎರಡು ಸುತ್ತು ಅಂದರೆ 3 ಮೀಟರ್. ಅಷ್ಟರಲ್ಲಿ ಪ್ಲೇಟ್ ಒಂದು ಸುತ್ತು ಬಂದು 15 ಕಾಳು ಬಿಡುತ್ತದೆ. 300 ಸೆಂ.ಮೀ. ಭಾಗಿಸು 15, ಅಂದರೆ 20 ಸೆಂ.ಮೀ. ಸೆಟ್ಟಿಂಗ್ ಸರಿಯಾಗಿಯೇ ಇದೆ.

ಎರಡನೇ ಸಾಲಲ್ಲಿ ಮೂರು ಮೀಟರ್ ಚಿಲ್ಲರೆಗೆ ಒಂದು ಖಾಲಿ ಬರುತ್ತಿದೆ ಅಂದರೆ ಪ್ಲೇಟಿನ ಪ್ರತಿ ಸುತ್ತಿಗೂ ಅದೇ ಒಂದು ಗುಳಿ ಕಾಳು ಎತ್ತುತ್ತಿಲ್ಲ. ಗುಳಿಯಲ್ಲಿ ಒಡೆದ ಕಾಳು ಸಿಕ್ಕಿಕೊಂಡಿರುತ್ತದೆ, ಅಥವಾ ಅಂಚು ಮುರಿದಿರುತ್ತದೆ. ಹಾಪರ್ (ಬೀಜದ ಡಬ್ಬಿ) ಖಾಲಿ ಮಾಡಿ ಪ್ಲೇಟ್ ಬಿಚ್ಚಿ ನೋಡಿ. ಅದೇ ಸಾಲಿನ ಬ್ರಷ್ ಕೂಡ ನೋಡಿ. ಗುಳಿಯ ಮೇಲೆ ಕೂತ ಹೆಚ್ಚಿನ ಕಾಳನ್ನು ಒರೆಸಿ ಬೀಳಿಸುವುದು ಅದೇ. ಅದು ಸವೆದರೆ ಜೋಡಿ ಬೀಳುತ್ತವೆ. ತೀರಾ ಬಿಗಿಯಾಗಿ ಒತ್ತಿ ಕೂತಿದ್ದರೆ ಒಳಗಿನ ಕಾಳನ್ನೂ ಹೊರಗೆ ತಳ್ಳುತ್ತದೆ.

ಉಳಿದ ಮೂರೂ ಸಾಲಲ್ಲಿ 50ರ ಬದಲು 45 ಬಿದ್ದಿರುವುದಕ್ಕೆ ಪ್ಲೇಟ್ ಕಾರಣ ಅಲ್ಲ. ಎಲ್ಲಾ ಸಾಲಿಗೂ ಸಮನಾಗಿ ಕಮ್ಮಿ ಆಗಿದ್ದರೆ ಎಲ್ಲಾ ಸಾಲನ್ನೂ ತಿರುಗಿಸುವುದು ಯಾವುದು ನೋಡಬೇಕು, ಅಂದರೆ ನೆಲದ ಚಕ್ರ. ಅದು ಜಾರುತ್ತಿದೆ. ಸೀಮೆಸುಣ್ಣದಲ್ಲಿ ಚಕ್ರಕ್ಕೆ ಗುರುತು ಹಾಕಿ, ಪ್ಲಾಂಟರ್ ಮಣ್ಣಿಗಿಳಿಸಿ ಬಿತ್ತುವ ವೇಗದಲ್ಲೇ ಹೋಗಿ, ಹತ್ತು ಸುತ್ತಿಗೆ ಎಷ್ಟು ದೂರ ಹೋದಿರಿ ಅಳೆಯಿರಿ. 15 ಮೀಟರ್ ಬರಬೇಕು. 16.5 ಬಂದರೆ ಚಕ್ರ ತಿರುಗಬೇಕಾದಷ್ಟು ತಿರುಗಿಲ್ಲ, ಕಾಳಿನ ಅಂತರ 22 ಸೆಂ.ಮೀ. ಆಗಿದೆ ಅಂತ ಅರ್ಥ. ಮೂರನೇ ತೊಂದರೆ, ಅಂತರ ಹಿಂದೆಮುಂದೆ ಆಗುವುದು. ಅದಕ್ಕೆ ಆಮೇಲೆ ಬರೋಣ.

ಬಯಲುಸೀಮೆ:
ಅಂದರೆ ನಾನು ಸ್ಪ್ರಾಕೆಟ್ ಬದಲಾಯಿಸಿದ್ದು ಕೂಡ ಜಾರುವ ಚಕ್ರಕ್ಕೇ ಇರಬಹುದು ಅಂತೀರಾ?

ಸ್ಪ್ಯಾನರ್:
ಇರಬಹುದು. ಒಣ ಹೊಲಕ್ಕೆ ಹೋದ ದಿನ ಜಾರುವುದು ನಿಂತಿರುತ್ತದೆ, ಆಗ ಎಕರೆಗೆ ಬೀಜ ಜಾಸ್ತಿ ಹೋಗಿರುತ್ತದೆ. ಚೀಲ ಬೇಗ ಖಾಲಿ ಆಗಿತ್ತಾ ನೆನಪು ಮಾಡಿಕೊಳ್ಳಿ.

ಹೊಲದಇಂಜಿನಿಯರ್:
ಎರೆ ಮಣ್ಣಲ್ಲಿ ಜಾರುವುದಕ್ಕೆ ಸಾಮಾನ್ಯ ಕಾರಣ, ಚಕ್ರದ ಹಲ್ಲುಗಳ ನಡುವೆ ಮಣ್ಣು ಮೆತ್ತಿಕೊಂಡು ಚಕ್ರ ನುಣ್ಣಗೆ ಆಗುವುದು. ಇನ್ನೊಂದು ತಮಾಷೆ ಇದೆ. ಮಣ್ಣು ಮೆತ್ತಿದರೆ ಸುತ್ತಳತೆಯೂ ಜಾಸ್ತಿ ಆಗುತ್ತದೆ, ಅದೂ ಕಾಳಿನ ಅಂತರವನ್ನೇ ಹಿಗ್ಗಿಸುತ್ತದೆ. ಎರಡೂ ಒಂದೇ ಕಡೆ ಎಳೆಯುತ್ತವೆ. ಚಕ್ರವನ್ನು ನೆಲಕ್ಕೆ ಒತ್ತುವ ಸ್ಪ್ರಿಂಗ್ ಸಡಿಲ ಆಗಿದೆಯಾ ನೋಡಿ. ಮಣ್ಣು ಕೆರೆಯುವ ಪಟ್ಟಿ ಇಲ್ಲದಿದ್ದರೆ ಒಂದು ಹಳೇ ಪಟ್ಟಿ ಕಬ್ಬಿಣ ಬೆಸುಗೆ ಹಾಕಿಸಿ. ಚೈನ್ ಕೊಂಡಿ ತುಕ್ಕು ಹಿಡಿದು ಬಿಗಿಯಾಗಿದ್ದರೂ ಚಕ್ರಕ್ಕೆ ಭಾರ ಆಗಿ ಜಾರುತ್ತದೆ. ಗೊಬ್ಬರದ ಡಬ್ಬಿ ಪಕ್ಕದಲ್ಲೇ ಇರುವುದರಿಂದ ಈ ಚೈನ್‌ಗಳು ಬೇಗ ತುಕ್ಕು ಹಿಡಿಯುತ್ತವೆ.

ಟಾಪ್ ಲಿಂಕ್ (ಟ್ರ್ಯಾಕ್ಟರಿಗೆ ಪ್ಲಾಂಟರ್ ಜೋಡಿಸುವ ಮೇಲಿನ ಸರಳು) ಕೂಡ ನೋಡಿ. ಪ್ಲಾಂಟರ್ ಚೌಕಟ್ಟು ನೆಲಕ್ಕೆ ಸಮ ಇರಬೇಕು. ಮುಂದಕ್ಕೆ ಬಾಗಿದ್ದರೆ ಕುಳ ಆಳಕ್ಕೆ ಹೋಗುತ್ತದೆ, ಹಿಂದಿನ ಚಕ್ರ ಎದ್ದು ನಿಲ್ಲುತ್ತದೆ. ಬಹಳ ಜನ ಇದನ್ನು ಮನೆ ಮುಂದೆ ಸಿಮೆಂಟ್ ಕಟ್ಟೆ ಮೇಲೆ ನಿಲ್ಲಿಸಿ ಸೆಟ್ ಮಾಡುತ್ತಾರೆ. ಅದು ಪ್ರಯೋಜನ ಇಲ್ಲ, ಟ್ರ್ಯಾಕ್ಟರ್ ಗಾಲಿ ಹೊಲದಲ್ಲಿ ಹೂತ ಮೇಲೆ ಕೋನವೇ ಬೇರೆ. ಹತ್ತಿಪ್ಪತ್ತು ಮೀಟರ್ ಬಿತ್ತಿ ನಿಲ್ಲಿಸಿ, ಇಳಿದು ಪಕ್ಕದಿಂದ ನೋಡಿ.

ಎರೆಹೊಲ:
ಪ್ಲೇಟ್ ಬಿಚ್ಚಿದೆ. ಒಂದು ಗುಳಿಯಲ್ಲಿ ಅರ್ಧ ಕಾಳು ಕಲ್ಲಿನ ಹಾಗೆ ಅಂಟಿ ಕೂತಿತ್ತು. ಬೇರೆ ಮೂರ್ನಾಲ್ಕು ಗುಳಿಯಲ್ಲೂ ಕಂದು ಬಣ್ಣದ ಅಂಟು. ಬ್ರಷ್ ಒಂದು ಮೂಲೆಯಲ್ಲಿ ಕೂದಲೇ ಇಲ್ಲ. ಚಕ್ರದ್ದೂ ನೀವು ಹೇಳಿದ ಹಾಗೇ, ಹತ್ತು ಸುತ್ತಿಗೆ 16 ಮೀಟರ್ ದಾಟಿತು. ಈ ಅಂಟು ಎಲ್ಲಿಂದ ಬಂತು ಗೊತ್ತಾಗಲಿಲ್ಲ, ಉಳಿದ ಪ್ಲೇಟುಗಳಲ್ಲೂ ಸ್ವಲ್ಪ ಸ್ವಲ್ಪ ಇದೆ.

ಮಸಾರಿ:
ಬೀಜಕ್ಕೆ ಅಜೋಸ್ಪಿರಿಲಂ ಜೀವಾಣು ಗೊಬ್ಬರ ಹಚ್ಚಿದ್ದೀರಾ? ಬೆಲ್ಲದ ನೀರಲ್ಲಿ?

ಎರೆಹೊಲ:
ಹೌದು, ಹಚ್ಚಿದ್ದೆವು. ಮಳೆ ಮೋಡ ಇತ್ತು, ಅರ್ಧ ಗಂಟೆ ನೆರಳಲ್ಲಿ ಹರವಿ ತುಂಬಿಸಿದೆವು.

ಮಸಾರಿ:
ಅದೇ ನಿಮ್ಮ ಅಂಟು. ಕೂರಿಗೆಯಲ್ಲಿ ಬಿತ್ತುವಾಗ ಬೆಲ್ಲದ ಪಾಕ ಯಾರಿಗೂ ತೊಂದರೆ ಕೊಡಲಿಲ್ಲ, ಕೈ ಅಂಟುತ್ತಿತ್ತು ಅಷ್ಟೆ. ಪ್ಲೇಟಿಗೆ ಅದು ಆಗುವುದಿಲ್ಲ. ಪಾಕ ತೆಳ್ಳಗೆ ಮಾಡಿ, ಕಾಳಿಗೆ ಮೆತ್ತುವಷ್ಟೇ ಹಾಕಿ, ಮುಷ್ಟಿಯಲ್ಲಿ ಹಿಡಿದರೆ ಕಾಳು ಉದುರುದುರಾಗಿ ಬೀಳುವ ತನಕ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಬೇಡಿ, ಆ ಜೀವಾಣು ಸತ್ತರೆ ಹಚ್ಚಿದ್ದೇ ದಂಡ. ಕಂಪನಿಯಿಂದಲೇ ಕೀಟನಾಶಕ ಹಚ್ಚಿ ಬಂದ ಬಣ್ಣದ ಬೀಜ ಇದ್ದರೆ ಕೈಗವಸು ಹಾಕಿಕೊಳ್ಳದೆ ಮುಟ್ಟಬೇಡಿ.

ಸ್ಪ್ಯಾನರ್:
ಒಣಗಿದ ಮೇಲೆ ಗ್ರಾಫೈಟ್ ಪುಡಿ ಚೂರು ಕಲಸಿ. ಸಿಗದಿದ್ದರೆ ಟಾಲ್ಕ್ ಪುಡಿ. ಗ್ರಾಫೈಟ್ ಜಾರಲು ಸಹಾಯ ಮಾಡುತ್ತದೆ, ಟಾಲ್ಕ್ ತೇವ ಹೀರುತ್ತದೆ. ಮೋಡದ ದಿನ ಟಾಲ್ಕೇ ವಾಸಿ. ಪ್ಲೇಟುಗಳನ್ನು ಬಿಸಿ ನೀರಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಮೊಳೆ, ಚಾಕು ಹಾಕಿ ಕೆರೆಯಬೇಡಿ, ಪ್ಲಾಸ್ಟಿಕ್ ಗುಳಿ ಅಗಲ ಆದರೆ ಮುಂದಿನ ವರ್ಷ ಜೋಡಿ ಕಾಳಿನ ಕಥೆ ಶುರು.

ಹಾಗೆಯೇ ಹೊಸ ಚೀಲ ಒಡೆದಾಗಲೆಲ್ಲ ಕಾಳನ್ನು ಗುಳಿಯಲ್ಲಿ ಕೂರಿಸಿ ನೋಡಿ. ತೆನೆಯ ಬುಡದ ಕಾಳು ದಪ್ಪ, ನಡುವಿನದು ಚಪ್ಪಟೆ, ತುದಿಯದು ಗುಂಡು ಸಣ್ಣದು. ಒಂದೇ ತಳಿ ಆದರೂ ಲಾಟ್ ಬದಲಾದರೆ ಸೈಜ್ ಬದಲಾಗುತ್ತದೆ. ಗುಳಿಯಲ್ಲಿ ಒಂದು ಕಾಳು ಸಲೀಸಾಗಿ ಕೂರಬೇಕು, ಎರಡನೆಯದಕ್ಕೆ ಜಾಗ ಇರಬಾರದು. ಬೀಜ ಸರಿಯಿಲ್ಲ, ಮಷಿನ್ ಸರಿಯಿಲ್ಲ ಅಂತ ಇಬ್ಬರೂ ನಿಮಗೆ ಹೇಳಿದರಲ್ಲ, ಹೆಚ್ಚಿನ ಸಲ ಎರಡೂ ಸರಿಯೇ ಇರುತ್ತವೆ, ಒಂದಕ್ಕೊಂದು ಹೊಂದಿರುವುದಿಲ್ಲ.

ಹಳೇಕೂರಿಗೆ:
ಇಷ್ಟೆಲ್ಲ ಬಿಚ್ಚಿ ತೊಳೆದು ಒಣಗಿಸುವುದರೊಳಗೆ ಆರಿದ್ರಾ ಮಳೆ ಬಂದಿರುತ್ತದೆ. 🙂

ಸ್ಪ್ಯಾನರ್:
ಬಂದರೂ ಬರಲಿ ಯಜಮಾನ್ರೇ, ತಡವಾಗಿ ಬಿತ್ತಿದ ಸರಿಯಾದ ಸಾಲು ನಾಲ್ಕು ದಿನ ಹಿಂದೆ ಬಿತ್ತಿದ ಹಲ್ಲುದುರಿದ ಸಾಲಿಗಿಂತ ವಾಸಿ. ಈಗ ಮೂರನೇ ತೊಂದರೆ. ಎರೆಹೊಲ ಅವರೇ, ಎಷ್ಟು ವೇಗದಲ್ಲಿ ಹೋಗುತ್ತೀರಿ?

ಎರೆಹೊಲ:
ಎರಡನೇ ಗೇರ್. ಸ್ಪೀಡೋಮೀಟರ್ ಕೆಲಸ ಮಾಡುವುದಿಲ್ಲ. ಅಳಿಯ ಓಡಿಸಿದ್ದು, ಸ್ವಲ್ಪ ಜೋರಾಗಿಯೇ ಹೋದ ಅನ್ನಿಸುತ್ತದೆ.

ಸ್ಪ್ಯಾನರ್:
ಮೀಟರ್ ಬೇಡ. ಹೊಲದಲ್ಲಿ 50 ಮೀಟರ್ ಗುರುತು ಹಾಕಿ, ಮೊಬೈಲ್‌ನಲ್ಲಿ ಟೈಮ್ ನೋಡಿ. 45 ಸೆಕೆಂಡ್ ಆದರೆ ಗಂಟೆಗೆ 4 ಕಿ.ಮೀ. 36 ಸೆಕೆಂಡ್ ಆದರೆ 5. 30 ಸೆಕೆಂಡ್‌ಗೇ ಮುಗಿದರೆ 6, ಓರೆ ಪ್ಲೇಟಿಗೆ ಅದು ಜಾಸ್ತಿ ಆಯಿತು. 4ರಲ್ಲಿ ಪ್ಲೇಟ್ ಸೆಕೆಂಡಿಗೆ ಐದಾರು ಕಾಳು ಎತ್ತಬೇಕು. 6ರಲ್ಲಿ ಎಂಟಕ್ಕೂ ಜಾಸ್ತಿ. ಗುಳಿಗೆ ಕಾಳು ಕೂರಲು ಪುರಸೊತ್ತೇ ಸಿಗುವುದಿಲ್ಲ, ಸಿಕ್ಕರೂ ಕೊಳವೆಯಲ್ಲಿ ಗೋಡೆಗೆ ಬಡಿದು ಬಡಿದು ಬೀಳುತ್ತದೆ. ಎರಡು ಕಾಳು ಬೇರೆ ಬೇರೆ ಹೊತ್ತಿಗೆ ಹೊರಟು ಒಂದೇ ಹೊತ್ತಿಗೆ ನೆಲ ಮುಟ್ಟುತ್ತವೆ. ನಿಮ್ಮ 14, 28 ಬಂದದ್ದು ಹೀಗೆ. ಎಣಿಸಿದರೆ ಲೆಕ್ಕ ಸರಿ ಇರುತ್ತದೆ, ಜಾಗ ಮಾತ್ರ ತಪ್ಪಿರುತ್ತದೆ.

ಕೊಳವೆಯನ್ನೂ ಬಿಚ್ಚಿ ಒಳಗೆ ಬೆಳಕು ಹಾಯಿಸಿ ನೋಡಿ. ಮಡಚಿದ್ದರೆ, ಒಳಗೆ ಜೇಡ ಬಲೆ ಕಟ್ಟಿದ್ದರೆ (ನಗಬೇಡಿ, ಶೆಡ್‌ನಲ್ಲಿ ವರ್ಷ ನಿಂತ ಮಷಿನ್‌ನಲ್ಲಿ ಇದು ಖಾಯಂ), ಕಾಳು ಅಲ್ಲೇ ತಡೆದು ಗುಂಪಾಗಿ ಬೀಳುತ್ತದೆ.

ಅಯೋವಾದಿಂದ:
ನಾನು ದಾವಣಗೆರೆಯವನು, ಈಗ ಅಮೆರಿಕದ ಅಯೋವಾದಲ್ಲಿ ಇದ್ದೇನೆ. ಇಲ್ಲಿನ ದೊಡ್ಡ ಹೊಸ ಪ್ಲಾಂಟರ್‌ಗಳಲ್ಲಿ ಕಾಳನ್ನು ಕೊಳವೆಯಲ್ಲಿ ಬೀಳಲು ಬಿಡುವುದೇ ಇಲ್ಲ. ಬ್ರಷ್ ಇರುವ ಬೆಲ್ಟ್ ಒಂದೊಂದೇ ಕಾಳನ್ನು ಹಿಡಿದುಕೊಂಡು ಹೋಗಿ ಸಾಲಿನ ತಳದಲ್ಲಿ ಬಿಡುತ್ತದೆ. ಜಾನ್ ಡಿಯರ್‌ನವರು 2014ರಲ್ಲಿ ಇಂಥದ್ದನ್ನು ತಂದ ಮೇಲೆ ಗಂಟೆಗೆ 16 ಕಿ.ಮೀ. ವೇಗದಲ್ಲೂ ಬಿತ್ತುತ್ತಾರೆ. ಅಂದರೆ ವೇಗಕ್ಕೆ ಅಡ್ಡಿ ಇದ್ದದ್ದು ಪ್ಲೇಟಿಗಿಂತ ಕೊಳವೆಯಿಂದಲೇ ಜಾಸ್ತಿ. ಆದರೂ ಇಲ್ಲಿನ ರೈತರೂ ಬಿತ್ತನೆ ದಿನ ಇಳಿದು ಮೊಣಕಾಲೂರಿ ಸಾಲು ಕೆದಕಿ ನೋಡುತ್ತಾರೆ, ಕ್ಯಾಬಿನ್ ಪರದೆಯಲ್ಲಿ ಎಲ್ಲಾ ಹಸಿರು ಇದ್ದರೂ.

ಬಯಲುಸೀಮೆ:
ಅದರ ಒಂದು ಸಾಲಿನ ಬೆಲೆಗೆ ನಮ್ಮ ಟ್ರ್ಯಾಕ್ಟರೇ ಬರುತ್ತೇನೋ. ನಮಗೆ 4 ಕಿ.ಮೀ. ಸಾಕು ಬಿಡಿ.

ಗಾಳಿಪ್ಲಾಂಟರ್:
ನಡುವೆ ಬಾಯಿ ಹಾಕುತ್ತೇನೆ. ನಮ್ಮದು ನ್ಯೂಮ್ಯಾಟಿಕ್ (ಗಾಳಿಯ ಎಳೆತದಿಂದ ಡಿಸ್ಕಿನ ತೂತಿಗೆ ಕಾಳು ಹಿಡಿಯುವಂಥದ್ದು), ಬಾಡಿಗೆಗೆ ಓಡಿಸುತ್ತೇವೆ. ಹೊಲದ ನಡುವೆ ಚೆನ್ನಾಗಿ ಬೀಳುತ್ತದೆ, ಬದುವಿನ ಹತ್ತಿರ ತಿರುಗಿಸಿ ಶುರು ಮಾಡಿದಾಗ ಎರಡು ಮೂರು ಮೀಟರ್ ಖಾಲಿ. ನಾಲ್ಕೂ ಸಾಲಲ್ಲಿ.

ಹೊಲದಇಂಜಿನಿಯರ್:
ತಿರುಗಿಸುವಾಗ ಎಂಜಿನ್ ವೇಗ ಇಳಿಸುತ್ತೀರಿ ಅಲ್ವಾ? ಫ್ಯಾನ್ ತಿರುಗುವುದು ಪಿಟಿಒದಿಂದ, ಅಂದರೆ ಟ್ರ್ಯಾಕ್ಟರ್ ಹಿಂದೆ ತಿರುಗುವ ಶಾಫ್ಟಿನಿಂದ. ವೇಗ ಇಳಿದರೆ ಗಾಳಿಯ ಎಳೆತ ಇಳಿಯುತ್ತದೆ, ತೂತುಗಳಿಗೆ ಅಂಟಿದ ಕಾಳು ಉದುರಿ ಹೋಗುತ್ತವೆ. ಮತ್ತೆ ಶುರು ಮಾಡಿದಾಗ ಡಿಸ್ಕ್ ಖಾಲಿ. ಗೇರ್ ಕಮ್ಮಿ ಮಾಡಿ, ಎಂಜಿನ್ ವೇಗ ಹಾಗೇ ಇರಲಿ, ಪಿಟಿಒ ನಿಮಿಷಕ್ಕೆ 540 ಸುತ್ತಲ್ಲೇ ಇರಲಿ. ತಿರುವಿನಲ್ಲಿ ಗಾಳಿಯ ಎಳೆತ ತೋರಿಸುವ ಗೇಜ್ ಮುಳ್ಳು ಬಿದ್ದರೆ ಕಾರಣ ಅದೇ. ಮುಳ್ಳು ಯಾವಾಗಲೂ ಕೆಳಗೇ ಇದ್ದರೆ ಪೈಪ್ ಸೀಳಿದೆಯಾ, ಡಿಸ್ಕಿನ ಹಿಂದಿನ ಸೀಲ್ ಸವೆದಿದೆಯಾ, ಫ್ಯಾನ್ ಬೆಲ್ಟ್ ಜಾರುತ್ತಿದೆಯಾ ನೋಡಿ. ಎಳೆತ ಜಾಸ್ತಿ ಇದ್ದರೆ ಉಲ್ಟಾ, ಒಂದು ತೂತಿಗೆ ಎರಡೆರಡು ಕಾಳು. ಅದನ್ನು ಒರೆಸುವ ಹಲ್ಲಿನ ಪಟ್ಟಿಯನ್ನು ಒಂದೊಂದೇ ಗುರುತು ಸರಿಸಿ ಸೆಟ್ ಮಾಡಿ, ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ.

ಮಸಾರಿ:
ಸಾಲಿನ ಶುರುವಲ್ಲಿ ಖಾಲಿ ಬರುವುದು ಓರೆ ಪ್ಲೇಟಿನಲ್ಲೂ ಇದೆ, ಕಾರಣ ಬೇರೆ. ಟ್ರ್ಯಾಕ್ಟರ್ ನಿಲ್ಲಿಸಿ ಪ್ಲಾಂಟರ್ ಇಳಿಸಿದರೆ ಅಥವಾ ಇಳಿಸಿದ ಮೇಲೆ ಒಂದಡಿ ಹಿಂದಕ್ಕೆ ಬಂದರೆ ಕುಳದ ಬಾಯಿಗೆ ಹಸಿ ಮಣ್ಣು ತುಂಬಿಕೊಳ್ಳುತ್ತದೆ. ಪ್ಲೇಟ್ ಕಾಳು ಬಿಡುತ್ತಲೇ ಇರುತ್ತದೆ, ನೆಲಕ್ಕೆ ಒಂದೂ ಬೀಳುವುದಿಲ್ಲ. ಹಿಂದೆ ಯಾರೂ ನೋಡದಿದ್ದರೆ ಇಡೀ ಸಾಲು ಹೋಗುತ್ತದೆ. ಮುಂದೆ ಚಲಿಸುತ್ತಲೇ ಇಳಿಸಬೇಕು.

ಎರೆಹೊಲ:
ಎಲ್ಲಾ ಮಾಡುತ್ತೇನೆ. ಇನ್ನೊಂದು ಪ್ರಶ್ನೆ, ಮೊದಲ ಹೊಲದ ಖಾಲಿ ಜಾಗಕ್ಕೆ ಕೈಯಲ್ಲಿ ಕಾಳು ಊರಿಸಲಾ? ಮನೆಯಲ್ಲಿ ಎಲ್ಲರೂ ಊರಿಸು ಅಂತಿದ್ದಾರೆ.

ಹೊಲದಇಂಜಿನಿಯರ್:
ಮೊಳಕೆ ಈಗಷ್ಟೇ ಎದ್ದಿದ್ದರೆ, ಹದ ಇದ್ದರೆ, ಇವತ್ತು ನಾಳೆಯೊಳಗೆ ಎರಡನೇ ಸಾಲಿಗೆ ಮಾತ್ರ ಊರಿಸಿ. ತಡ ಆದರೆ ಬೇಡ. ಅಕ್ಕಪಕ್ಕದ ಗಿಡ ಮೇಲೆದ್ದ ಮೇಲೆ ಹುಟ್ಟಿದ್ದು ನೆರಳಲ್ಲೇ ಬೆಳೆದು ಬರೀ ಮೇವಾಗುತ್ತದೆ, ಗೊಬ್ಬರ ನೀರು ತಿನ್ನುವುದು ಮಾತ್ರ ತಪ್ಪಲ್ಲ. ಜೋಡಿ ಗಿಡಗಳಲ್ಲಿ ಒಂದನ್ನು ಕಿತ್ತು ಹಾಕಿ, ಅದು ಊರಿಸುವುದಕ್ಕಿಂತ ಲಾಭದ ಕೆಲಸ. ಎರಡೂ ಬಿಟ್ಟರೆ ಎರಡರದ್ದೂ ತೆನೆ ಸಣ್ಣದು.

60 ಇಂಟು 20 ಅಂದರೆ ಎಕರೆಗೆ ಸುಮಾರು 33,700 ಕಾಳು. ಈಗ ನಿಮ್ಮಲ್ಲಿ 45ರ ಲೆಕ್ಕದಲ್ಲಿ 30,000 ಇದೆ, ಎರಡನೇ ಸಾಲು ಬಿಟ್ಟು. 60 ಇಂಟು 30ರಲ್ಲಿ ಬಿತ್ತುವವರಿಗೆ 22,500 ಅಷ್ಟೆ. ಹಾಗಾಗಿ ಬೆಳೆ ಹೋಯಿತು ಅಂತ ತಲೆ ಮೇಲೆ ಕೈ ಇಟ್ಟುಕೊಳ್ಳಬೇಡಿ. ಮೊಳಕೆ ಸುಳಿಯಲ್ಲಿ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ಇದೆಯಾ ನೋಡುತ್ತಾ ಇರಿ, 2018ರಲ್ಲಿ ಶಿವಮೊಗ್ಗದಲ್ಲಿ ಕಂಡ ಮೇಲೆ ಅದು ನಮ್ಮನ್ನು ಬಿಟ್ಟು ಹೋಗಿಲ್ಲ.

ಸ್ಪ್ಯಾನರ್:
ಹೊಲಕ್ಕೆ ಹೋಗುವ ಮೊದಲು ಒಂದು ಪರೀಕ್ಷೆ. ಪ್ಲಾಂಟರ್ ಎತ್ತಿ, ಕೆಳಗೆ ಭದ್ರವಾಗಿ ಸ್ಟ್ಯಾಂಡ್ ಕೊಟ್ಟು (ಬರೀ ಹೈಡ್ರಾಲಿಕ್ ನಂಬಿ ಕೆಳಗೆ ಕೈ ಹಾಕಬೇಡಿ), ಪ್ರತಿ ಕೊಳವೆಗೂ ಪ್ಲಾಸ್ಟಿಕ್ ಚೀಲ ಕಟ್ಟಿ ಚಕ್ರವನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. ಒಂದೊಂದು ಚೀಲದಲ್ಲೂ 75 ಕಾಳು ಬರಬೇಕು. ಒಡೆದ ಕಾಳು ಇವೆಯಾ ನೋಡಿ. ಇದರಲ್ಲಿ ಪ್ಲೇಟಿನ ತಪ್ಪು ಸಿಗುತ್ತದೆ. ಚಕ್ರ ಜಾರುವುದು ಹೊಲದಲ್ಲಿ ಮಾತ್ರ ಗೊತ್ತಾಗುತ್ತದೆ.

ಎರೆಹೊಲ:
ಬಿತ್ತಿ ಬಂದೆ. ಬ್ರಷ್ ಹೊಸದು ಹಾಕಿದೆ, ಚಕ್ರಕ್ಕೆ ಕೆರೆಯುವ ಪಟ್ಟಿ ಬೆಸುಗೆ ಹಾಕಿಸಿದೆ, ಬೀಜ ರಾತ್ರಿಯೇ ಉಪಚಾರ ಮಾಡಿ ಮನೆಯೊಳಗೆ ಹರವಿದ್ದೆವು. ಅಳಿಯನಿಗೆ 45 ಸೆಕೆಂಡ್ ಲೆಕ್ಕ ಕೊಟ್ಟೆ, ಬೇಜಾರು ಮಾಡಿಕೊಂಡೇ ಓಡಿಸಿದ. ಸಾಲು ಕೆದಕಿ ನೋಡಿದರೆ 10 ಮೀಟರ್‌ಗೆ 47ರಿಂದ 49. ಎರಡನೇ ಸಾಲೂ ಅಷ್ಟೇ. ಅಂತರ ಹೆಚ್ಚಿನವು 18ರಿಂದ 23ರ ಒಳಗೆ. ಎಲ್ಲರಿಗೂ ಧನ್ಯವಾದ.

ಬಯಲುಸೀಮೆ:
ಭಾರಿ ಆಯಿತು. ನಾನೂ ಹಳೇ ಸ್ಪ್ರಾಕೆಟ್ ವಾಪಸ್ ಹಾಕಿ ಸೀಮೆಸುಣ್ಣದ ಪರೀಕ್ಷೆ ಮಾಡುತ್ತೇನೆ. ಇದೇ ಪ್ಲಾಂಟರ್‌ನಲ್ಲಿ ತೊಗರಿ ಬಿತ್ತಬಹುದಾ?

ಸ್ಪ್ಯಾನರ್:
ಬಿತ್ತಬಹುದು. ಗುಳಿ ಸಣ್ಣದಿರುವ ಪ್ಲೇಟ್ ಬೇಕು, ಗೋವಿನಜೋಳದ್ದರಲ್ಲೇ ಹಾಕಿದರೆ ಗುಳಿಗೆ ಎರಡು ಮೂರು ಕೂರುತ್ತವೆ. 90 ಸೆಂ.ಮೀ. ಸಾಲು ಬೇಕಿದ್ದರೆ ಒಂದು ಡಬ್ಬಿ ಬಿಚ್ಚಿಟ್ಟು ಉಳಿದ ಮೂರನ್ನು ಚೌಕಟ್ಟಿನ ಮೇಲೆ ಸರಿಸಿಕೊಳ್ಳಿ, ಯು ಬೋಲ್ಟ್ ಬಿಗಿ ಮಾಡಿದ ಮೇಲೆ ಚೈನ್ ನೇರ ಇದೆಯಾ ನೋಡಿ. ಪ್ಲೇಟ್ ಕೊಳ್ಳಲು ಹೋಗುವಾಗ ನಿಮ್ಮ ತೊಗರಿ ಕಾಳನ್ನೂ ಒಂದು ಹಿಡಿ ಜೇಬಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಗುಳಿಗೆ ಕೂರಿಸಿ ನೋಡಿ ತನ್ನಿ.